ಉಡುಪಿ ಜಿಲ್ಲೆಯ ರಾಜಕೀಯ ನಾಯಕರು ಮತ್ತು ಸುದ್ದಿ ಮಾಧ್ಯಮ

ರಾಜಕೀಯ ನಾಯಕರು ಮತ್ತು ಸುದ್ದಿ ಮಾಧ್ಯಮದ ಸಂಬಂಧ ಎಂದರೆ ಅಧಿಕಾರದಲ್ಲಿರುವವರು ಹಾಗೂ ಅಧಿಕಾರ ಬಯಸುವವರು ಸುದ್ದಿ ಸಂಸ್ಥೆಗಳೊಂದಿಗೆ ಇಟ್ಟುಕೊಳ್ಳುವ ಮಾಹಿತಿ, ಪ್ರಚಾರ, ಜಾಹೀರಾತು ಮತ್ತು ಉತ್ತರದಾಯಿತ್ವದ ವ್ಯವಹಾರ. ಈ ಲೇಖನದ ವ್ಯಾಪ್ತಿ ಕರ್ನಾಟಕದ ಕರಾವಳಿಯ ಉಡುಪಿ ಜಿಲ್ಲೆ. ಅದರಲ್ಲೂ ಉಡುಪಿ, ಮಣಿಪಾಲ, ಕಾಪು ಮತ್ತು ಕಾರ್ಕಳ. 1997ರ ಆಗಸ್ಟ್‌ನಲ್ಲಿ ದಕ್ಷಿಣ ಕನ್ನಡದಿಂದ ಬೇರೆಯಾದ ಈ ಜಿಲ್ಲೆಯಲ್ಲಿ ಐದು ವಿಧಾನಸಭಾ ಕ್ಷೇತ್ರಗಳಿವೆ. ಬೈಂದೂರು ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದು, ಕುಂದಾಪುರ, ಉಡುಪಿ, ಕಾಪು, ಕಾರ್ಕಳ 2009ರಿಂದ ಉಡುಪಿ-ಚಿಕ್ಕಮಗಳೂರು ಕ್ಷೇತ್ರದಲ್ಲಿವೆ. ಸಣ್ಣ ಜಿಲ್ಲೆಯಾದರೂ ರಾಜ್ಯದ ಪ್ರಮುಖ ಕನ್ನಡ ದಿನಪತ್ರಿಕೆಗಳಲ್ಲೊಂದು ಇಲ್ಲೇ ಹುಟ್ಟಿ ಇಲ್ಲಿಂದಲೇ ಬೆಳೆದಿದೆ. ರಾಜಧಾನಿಯಿಂದ ದೂರದ ಊರಿನಲ್ಲಿ ಈ ಸಂಬಂಧ ಹೇಗೆ ರೂಪುಗೊಳ್ಳುತ್ತದೆ ಎಂದು ತಿಳಿಯಲು ಇದು ತಕ್ಕ ಪ್ರದೇಶ.

ರಾಷ್ಟ್ರಮಟ್ಟದಲ್ಲಿ ಈ ವಿಷಯವನ್ನು ಸಾಮಾನ್ಯವಾಗಿ ದಮನದ ಕಥೆಯಾಗಿ ಹೇಳುವುದುಂಟು. 1975ರ ತುರ್ತುಪರಿಸ್ಥಿತಿಯ ಸೆನ್ಸಾರ್, ಪತ್ರಕರ್ತರ ಬಂಧನ, ಮಾನನಷ್ಟ ಮೊಕದ್ದಮೆ ಇವುಗಳ ಸುತ್ತ ಆ ಕಥೆ ನಡೆಯುತ್ತದೆ. ಉಡುಪಿಯ ಸಾಕ್ಷ್ಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಸಿಗುವ ಚಿತ್ರ ಬೇರೆ. ಇಲ್ಲಿ ಸುದ್ದಿಯ ಗಡಿಯನ್ನು ದಬ್ಬಾಳಿಕೆಗಿಂತ ಹೆಚ್ಚಾಗಿ ನಿರ್ಧರಿಸಿರುವುದು ಸಾಮೀಪ್ಯ. ನಾಯಕ, ವರದಿಗಾರ, ಜಾಹೀರಾತುದಾರ ಮತ್ತು ಓದುಗ ಒಂದೇ ಊರಿನವರಾಗಿ, ಒಂದೇ ದೇವಸ್ಥಾನದ ಬ್ರಹ್ಮಕಲಶಕ್ಕೂ ಒಂದೇ ಮದುವೆ ಮಂಟಪಕ್ಕೂ ಬಂದು ದಿನವೂ ಎದುರಾಗುವ ಸ್ಥಿತಿಯನ್ನು ಈ ಲೇಖನದಲ್ಲಿ ಸಾಮೀಪ್ಯ ಎಂದು ಕರೆಯಲಾಗಿದೆ. ನಾಯಕ ಹೇಳಿದ್ದನ್ನು ಹೇಳಿದಂತೆಯೇ ಕೊಡುವ ವರದಿ ‘ಹೇಳಿಕೆ ಸುದ್ದಿ’. ಹೇಳಿದ್ದು ನಡೆಯಿತೇ ಎಂದು ದಾಖಲೆ ಹಿಡಿದು ಮತ್ತೆ ಹೋಗಿ ನೋಡುವ ವರದಿ ‘ಫಾಲೋಅಪ್’. ಸಾಮೀಪ್ಯ ಮೊದಲನೆಯದನ್ನು ಬೆಳೆಸಿ ಎರಡನೆಯದನ್ನು ಬಡವಾಗಿಸುತ್ತದೆ ಎಂಬುದು ಇಲ್ಲಿಯ ವಾದ.

ಉಗಮ ಮತ್ತು ಬೆಳವಣಿಗೆ

ಕರಾವಳಿಯ ಪತ್ರಿಕೋದ್ಯಮ ಆರಂಭವಾದದ್ದು ಮಂಗಳೂರಿನಲ್ಲಿ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿದ್ದ ಆ ಪತ್ರಿಕೆ ಮರುವರ್ಷವೇ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ‘ಸ್ವದೇಶಾಭಿಮಾನಿ’, ಕಡೆಂಗೋಡ್ಲು ಶಂಕರ ಭಟ್ಟರ ‘ರಾಷ್ಟ್ರಬಂಧು’, ಆಮೇಲೆ ದಿನಪತ್ರಿಕೆ ‘ನವಭಾರತ’ ಮಂಗಳೂರಿನಿಂದ ಬಂದವು. ಉಡುಪಿ, ಕಾರ್ಕಳದ ಓದುಗರು ಈ ಪತ್ರಿಕೆಗಳನ್ನೇ ಓದಿದರು. ಸ್ವಾತಂತ್ರ್ಯ ಹೋರಾಟದ ಆ ಕಾಲದಲ್ಲಿ ಸಂಪಾದಕನೂ ರಾಜಕೀಯ ಕಾರ್ಯಕರ್ತನೂ ಎಷ್ಟೋ ಸಲ ಒಬ್ಬನೇ ವ್ಯಕ್ತಿ. ನಾಯಕ ಮತ್ತು ಪತ್ರಕರ್ತ ಎದುರುಬದುರು ನಿಲ್ಲಬೇಕು ಎಂಬ ಭಾವನೆಯೇ ಆಗ ಇರಲಿಲ್ಲ. ಇಬ್ಬರೂ ಪರಕೀಯ ಸರಕಾರದ ಎದುರು ನಿಂತವರು. ಸ್ವಾತಂತ್ರ್ಯದ ನಂತರ ಸರಕಾರ ನಮ್ಮದೇ ಆಯಿತು. ಆದರೆ ಜೊತೆಯಲ್ಲಿ ನಿಂತ ಅಭ್ಯಾಸ ಬಹುಕಾಲ ಉಳಿಯಿತು.

ಉಡುಪಿ ಪ್ರದೇಶಕ್ಕೆ ತನ್ನದೇ ದೊಡ್ಡ ದಿನಪತ್ರಿಕೆ ಸಿಕ್ಕಿದ್ದು 1970ರಲ್ಲಿ, ಮಣಿಪಾಲದಿಂದ ‘ಉದಯವಾಣಿ’ ಹೊರಬಂದಾಗ. ಸ್ಥಾಪಕರು ಟಿ. ಮೋಹನದಾಸ ಪೈ ಮತ್ತು ಟಿ. ಸತೀಶ್ ಯು. ಪೈ. 1941ರಿಂದ ನಡೆಯುತ್ತಿದ್ದ ಮಣಿಪಾಲ ಪವರ್ ಪ್ರೆಸ್ಸಿನ ಮುದ್ರಣ ಅನುಭವ ಬೆನ್ನಿಗಿತ್ತು. ಚೊಕ್ಕ ಅಚ್ಚು, ಹಳ್ಳಿಹಳ್ಳಿಯ ಸುದ್ದಿ, ಬೆಳಗಾಗುವ ಮೊದಲೇ ಬಸ್ಸಿನಲ್ಲಿ ಹೋಗುವ ಬಂಡಲು ಇವುಗಳಿಂದ ಅದು ಕರಾವಳಿಯ ಮನೆಮನೆಯ ಪತ್ರಿಕೆಯಾಯಿತು. 1983ರಲ್ಲಿ ‘ತರಂಗ’ ವಾರಪತ್ರಿಕೆ ಸೇರಿತು. ಉದಯವಾಣಿ ಬರುವ ಮೊದಲು ಊರಿನ ಶಾಸಕನ ಮಾತು ಮಂಗಳೂರು, ಬೆಂಗಳೂರು ಪತ್ರಿಕೆಗಳ ಮೂಲೆಯಲ್ಲಿ ಬಂದರೆ ಬಂತು. ಈಗ ಅದು ಮರುದಿನ ಬೆಳಿಗ್ಗೆ ಅವನ ಮತದಾರರ ಚಾವಡಿಯಲ್ಲೇ ಇರುವಂತಾಯಿತು. ಪತ್ರಿಕೆ ಮುಂಬಯಿ ಆವೃತ್ತಿ ಆರಂಭಿಸಿದ ಮೇಲೆ, ಅಲ್ಲಿ ನೆಲೆಸಿದ ಕರಾವಳಿಯ ಹೋಟೆಲಿನವರು ಮತ್ತು ಉದ್ಯಮಿಗಳು ಊರಿನ ರಾಜಕೀಯವನ್ನು ದಿನವೂ ಓದತೊಡಗಿದರು. ಚುನಾವಣೆಗೆ ಹಣವೂ ಜನಬೆಂಬಲವೂ ಮುಂಬಯಿಯಿಂದ ಬರುವ ಕ್ಷೇತ್ರಗಳಲ್ಲಿ ಇದು ನಾಯಕರಿಗೆ ಸಣ್ಣ ಲಾಭವಲ್ಲ.

ಇದಕ್ಕಿಂತ ಭಿನ್ನವಾದ ಪ್ರಯೋಗ ‘ಮುಂಗಾರು’. ಈಗಿನ ಉಡುಪಿ ಜಿಲ್ಲೆಯ ವಡ್ಡರ್ಸೆಯ ರಘುರಾಮ ಶೆಟ್ಟರು ‘ಪ್ರಜಾವಾಣಿ’ಯ ರಾಜಕೀಯ ವರದಿಗಾರಿಕೆ ಬಿಟ್ಟು ಬಂದು, ಓದುಗರಿಂದಲೇ ಷೇರು ಸಂಗ್ರಹಿಸಿ 1984ರಲ್ಲಿ ಮಂಗಳೂರಿನಿಂದ ಅದನ್ನು ಆರಂಭಿಸಿದರು. ಉದ್ಯಮಿಯೂ ಪಕ್ಷವೂ ಮಾಲೀಕರಲ್ಲದ ಪತ್ರಿಕೆ ನಾಯಕರನ್ನು ಅಂಜದೆ ಪ್ರಶ್ನಿಸಬಲ್ಲದು ಎಂಬುದು ಅದರ ಲೆಕ್ಕ. ಹಿಂದುಳಿದವರ ಮತ್ತು ದಲಿತರ ರಾಜಕೀಯವನ್ನು ಅದು ಕರಾವಳಿಯ ಚರ್ಚೆಗೆ ತಂದಿತು, ಒಂದು ತಲೆಮಾರಿನ ಪತ್ರಕರ್ತರನ್ನು ಬೆಳೆಸಿತು. ಆದರೆ ಹಣದ ಮುಗ್ಗಟ್ಟಿನಲ್ಲಿ ನಿಂತುಹೋಯಿತು. ಸ್ವಾತಂತ್ರ್ಯದ ವೆಚ್ಚವನ್ನು ಭರಿಸುವ ದಾರಿ ಇಲ್ಲದಿದ್ದರೆ ಆದರ್ಶ ಎಷ್ಟೇ ಗಟ್ಟಿಯಾಗಿದ್ದರೂ ಪತ್ರಿಕೆ ಉಳಿಯದು ಎಂಬುದಕ್ಕೆ ಕರಾವಳಿಯಲ್ಲಿ ಇದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ಅಲ್ಲಿ ವೃತ್ತಿ ಆರಂಭಿಸಿದ ದಿನೇಶ್ ಅಮಿನ್ ಮಟ್ಟು 2013ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಮಾಧ್ಯಮ ಸಲಹೆಗಾರರಾದರು; ಪತ್ರಕರ್ತರ ಮೇಜಿನಿಂದ ನಾಯಕರ ಕಚೇರಿಗೆ ಹೋಗುವ ದಾರಿಯೂ ಈ ಸಂಬಂಧದ ಒಂದು ಭಾಗ.

ಮಾಲೀಕತ್ವ

ಮಾಲೀಕ ಮತ್ತು ರಾಜಕಾರಣದ ನಂಟು ಕರ್ನಾಟಕಕ್ಕೆ ಹೊಸದಲ್ಲ. 1999ರಲ್ಲಿ ‘ವಿಜಯ ಕರ್ನಾಟಕ’ ಆರಂಭಿಸಿದ ವಿಜಯ ಸಂಕೇಶ್ವರ ಸಂಸದರಾಗಿದ್ದವರು. 2007ರಲ್ಲಿ ಬಂದ ಕಸ್ತೂರಿ ವಾಹಿನಿ ಎಚ್.ಡಿ. ಕುಮಾರಸ್ವಾಮಿ ಅವರ ಕುಟುಂಬದ್ದು. ಮಣಿಪಾಲದ ನಂಟು ಇವುಗಳಿಗಿಂತ ಸೂಕ್ಷ್ಮ. ಉದಯವಾಣಿಯ ಸ್ಥಾಪಕರು ಮಣಿಪಾಲದ ಡಾ. ಟಿ.ಎಂ.ಎ. ಪೈ ಅವರ ಕುಟುಂಬದವರು. ಅದೇ ಕುಟುಂಬದ ಟಿ.ಎ. ಪೈ ಸಿಂಡಿಕೇಟ್ ಬ್ಯಾಂಕ್, ಆಹಾರ ನಿಗಮ, ಜೀವ ವಿಮಾ ನಿಗಮಗಳನ್ನು ಮುನ್ನಡೆಸಿ 1972ರಲ್ಲಿ ಇಂದಿರಾ ಗಾಂಧಿ ಸಂಪುಟ ಸೇರಿದರು, ತುರ್ತುಪರಿಸ್ಥಿತಿಯ ಕಾಲದಲ್ಲೂ ಸಚಿವರಾಗಿದ್ದರು, 1977ರಲ್ಲಿ ಉಡುಪಿಯಿಂದ ಲೋಕಸಭೆಗೆ ಆಯ್ಕೆಯಾದರು. ತುರ್ತುಪರಿಸ್ಥಿತಿಯ ಅವಧಿಯಲ್ಲಿ ಉಡುಪಿಯ ಜನಸಂಘದ ನಾಯಕ ಡಾ. ವಿ.ಎಸ್. ಆಚಾರ್ಯ ಸೆರೆಮನೆಯಲ್ಲಿದ್ದರು. ಪತ್ರಿಕೆಯನ್ನು ನಡೆಸುವ ಮನೆತನದಲ್ಲೇ ಒಬ್ಬ ಕೇಂದ್ರ ಸಚಿವ, ಅದೇ ಊರಿನ ವಿರೋಧ ಪಕ್ಷದ ನಾಯಕ ಜೈಲಿನಲ್ಲಿ: ಇಷ್ಟು ಸಣ್ಣ ಊರಿನಲ್ಲಿ ಇದಕ್ಕಿಂತ ಬಿಗಿಯಾದ ಪರೀಕ್ಷೆ ಯಾವ ಸಂಪಾದಕನಿಗೂ ಬರಲಿಕ್ಕಿಲ್ಲ. ಹಾಗೆಂದು ಪತ್ರಿಕೆ ಒಂದೇ ಪಕ್ಷದ ಕೈಗೊಂಬೆಯಾಗಿತ್ತು ಎಂದು ಹೇಳಿದರೆ ಮುಂದಿನ ಚರಿತ್ರೆ ಒಪ್ಪುವುದಿಲ್ಲ. 1980ರಿಂದ 1996ರವರೆಗೆ ಐದು ಬಾರಿ ಗೆದ್ದ ಕಾಂಗ್ರೆಸ್ಸಿನ ಆಸ್ಕರ್ ಫೆರ್ನಾಂಡಿಸ್, 1998ರಲ್ಲಿ ಅವರನ್ನು ಸೋಲಿಸಿದ ಬಿಜೆಪಿಯ ಐ.ಎಂ. ಜಯರಾಮ ಶೆಟ್ಟಿ, 1999ರ ವಿನಯ ಕುಮಾರ್ ಸೊರಕೆ, 2004ರ ಮನೋರಮಾ ಮಧ್ವರಾಜ್ ಎಲ್ಲರೂ ಅದೇ ಪತ್ರಿಕೆಯ ಪುಟಗಳಲ್ಲೇ ಬೆಳೆದವರು. ಗೆದ್ದವರೆಲ್ಲರ ಜೊತೆಗೂ ಸೌಹಾರ್ದ ಇಟ್ಟುಕೊಳ್ಳುವ ಪತ್ರಿಕೆಯಲ್ಲಿ ಪಕ್ಷಪಾತ ಕಾಣುವುದು ಕಷ್ಟ. ಕಾಣುವುದು ಪ್ರಶ್ನೆಗಳ ಮೃದುತ್ವ. ವ್ಯಾಪಾರ, ಶಿಕ್ಷಣ, ಆಸ್ಪತ್ರೆ, ಬ್ಯಾಂಕು ಬೆರೆತಿರುವ ಪಟ್ಟಣದಲ್ಲಿ ಮಾಲೀಕನಿಗೆ ಪ್ರತಿ ಸರಕಾರದೊಂದಿಗೂ ಕೆಲಸ ಇದ್ದೇ ಇರುತ್ತದೆ.

ಉಳಿದ ಪತ್ರಿಕೆಗಳ ಒಲವು ಇದಕ್ಕಿಂತ ಬಿಚ್ಚು. ಸಂಘ ಪರಿವಾರದ ವಿಚಾರಕ್ಕೆ ಹತ್ತಿರವಾದ ‘ಹೊಸ ದಿಗಂತ’, 2003ರಲ್ಲಿ ಆರಂಭವಾಗಿ ಅಲ್ಪಸಂಖ್ಯಾತರ ಮತ್ತು ದಲಿತರ ದನಿಗೆ ಜಾಗ ಕೊಟ್ಟ ‘ವಾರ್ತಾ ಭಾರತಿ’, ‘ಕರಾವಳಿ ಅಲೆ’ ಮೊದಲಾದವು ಮಂಗಳೂರಿನಿಂದ ಉಡುಪಿಗೆ ಬರುತ್ತವೆ. ಯಾರ ಮಾತು ಎಲ್ಲಿ ದೊಡ್ಡದಾಗುತ್ತದೆ ಎಂಬುದು ಓದುಗರಿಗೆ ಮೊದಲೇ ಗೊತ್ತಿರುತ್ತದೆ.

ಸುದ್ದಿ ಹುಟ್ಟುವ ರೀತಿ

ಜಿಲ್ಲಾ ಕಚೇರಿಗಳ ಸಂಕೀರ್ಣ ‘ರಜತಾದ್ರಿ’ ಇರುವುದು ಮಣಿಪಾಲದಲ್ಲಿ. ಜಿಲ್ಲಾ ಉಸ್ತುವಾರಿ ಸಚಿವರು ಅಲ್ಲಿ ನಡೆಸುವ ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮದ (ಕೆಡಿಪಿ) ಸಭೆ ಅಧಿಕೃತ ಸುದ್ದಿಯ ದೊಡ್ಡ ಮೂಲ. ಅಧಿಕಾರಿಗಳನ್ನು ಸಚಿವರು ತರಾಟೆಗೆ ತೆಗೆದುಕೊಂಡರು ಎಂಬ ಶೀರ್ಷಿಕೆ ಪ್ರತಿ ಸರಕಾರದಲ್ಲೂ, ಪ್ರತಿ ಸಚಿವರ ಹೆಸರಿನಲ್ಲೂ ಬಂದಿದೆ. ಎರಡನೆಯ ಮೂಲ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ. ಅದು ಪ್ರಕಟಣೆ ಕಳಿಸುತ್ತದೆ, ಮಾನ್ಯತಾ ಪತ್ರ ಕೊಡುತ್ತದೆ, ಸರಕಾರಿ ಜಾಹೀರಾತನ್ನೂ ಹಂಚುತ್ತದೆ. ಮೂರನೆಯದು ಸುದ್ದಿಗೋಷ್ಠಿ. ಪಕ್ಷದ ಕಚೇರಿಯಲ್ಲೋ ಪತ್ರಿಕಾ ಭವನದಲ್ಲೋ ನಡೆಯುವ ಸುದ್ದಿಗೋಷ್ಠಿಯಲ್ಲಿ ನಾಯಕರು ಒಬ್ಬರ ಆರೋಪಕ್ಕೆ ಇನ್ನೊಬ್ಬರು ಉತ್ತರಿಸುತ್ತಾರೆ. ವರದಿಯ ಕೊನೆಯಲ್ಲಿ ಜೊತೆಗೆ ಕುಳಿತವರ ಹೆಸರುಗಳ ಸಾಲು ಇರುತ್ತದೆ.

ಕರಾವಳಿಗೆ ವಿಶಿಷ್ಟವಾದ ರೂಪ ಮಾತ್ರ ಸಭಾ ವರದಿ. ದೇವಸ್ಥಾನದ ಬ್ರಹ್ಮಕಲಶೋತ್ಸವ, ದೈವಸ್ಥಾನದ ನೇಮ, ಕಂಬಳ, ಯಕ್ಷಗಾನ ಮೇಳದ ಸನ್ಮಾನ, ಜಾತಿ ಸಂಘದ ವಾರ್ಷಿಕೋತ್ಸವ, ಶಾಲೆಯ ಕೊಠಡಿ ಉದ್ಘಾಟನೆ, ಎರಡು ವರ್ಷಕ್ಕೊಮ್ಮೆ ಕೃಷ್ಣಮಠದ ಪರ್ಯಾಯ ಹೀಗೆ ವರ್ಷವಿಡೀ ವೇದಿಕೆಗಳು. ಶಾಸಕರು ದೀಪ ಬೆಳಗಿಸುತ್ತಾರೆ, ಸಂಸದರು ಶುಭ ಹಾರೈಸುತ್ತಾರೆ; ಯಾರು ಸ್ವಾಗತಿಸಿದರು, ಯಾರು ನಿರೂಪಿಸಿದರು, ಯಾರು ವಂದಿಸಿದರು ಎಂಬ ವಿವರದೊಂದಿಗೆ ವರದಿ ಮುಗಿಯುತ್ತದೆ. ಒಂದೊಂದಾಗಿ ನೋಡಿದರೆ ಇವು ನಿರುಪದ್ರವಿ ಸುದ್ದಿಗಳು, ಊರಿನ ಬದುಕಿನ ದಾಖಲೆಗಳೂ ಹೌದು. ಒಟ್ಟಾಗಿ ನೋಡಿದರೆ ಪರಿಣಾಮ ಬೇರೆ. ನಾಯಕ ವರ್ಷಕ್ಕೆ ನೂರಾರು ಬಾರಿ ಅತಿಥಿಯಾಗಿ ಕಾಣಿಸಿಕೊಳ್ಳುತ್ತಾನೆ, ಉತ್ತರ ಕೊಡಬೇಕಾದವನಾಗಿ ಅಪರೂಪಕ್ಕೆ. ವೇದಿಕೆಯ ಮೇಲಿನ ಅತಿಥಿಯನ್ನು ಪ್ರಶ್ನಿಸುವುದು ನಮ್ಮ ಸಂಪ್ರದಾಯದಲ್ಲಿ ಅಸಭ್ಯತೆ. ಆ ಸಭ್ಯತೆ ವೇದಿಕೆಯಿಂದ ಇಳಿದ ಮೇಲೂ ಪುಟದಲ್ಲಿ ಮುಂದುವರಿಯುತ್ತದೆ. ಉದ್ಘಾಟನೆಯ ಫೋಟೊ ಸಿಗುವಷ್ಟು ಸುಲಭವಾಗಿ, ಉದ್ಘಾಟನೆಯಾದ ಕಿರು ಸೇತುವೆ ಐದು ಮಳೆಗಾಲ ತಾಳಿತೇ ಎಂಬ ಸುದ್ದಿ ಸಿಗುವುದಿಲ್ಲ.

ಇದರ ಹಿಂದಿನ ಆರ್ಥಿಕ ಕಾರಣ ಮರೆಯುವಂತಿಲ್ಲ. ತಾಲೂಕು ಮತ್ತು ಹೋಬಳಿ ಮಟ್ಟದ ಸುದ್ದಿಯನ್ನು ಹೆಚ್ಚಾಗಿ ಕಳಿಸುವವರು ಬಿಡಿ ಸುದ್ದಿಗಾರರು. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯ ವೇತನ ರಕ್ಷಣೆ ಅವರಲ್ಲಿ ಹೆಚ್ಚಿನವರಿಗೆ ತಲುಪಲಿಲ್ಲ. ಸುದ್ದಿಯ ಜೊತೆಗೆ ಜಾಹೀರಾತು ತರುವ ಹೊಣೆಯೂ ಅವರ ಮೇಲಿರುತ್ತದೆ. ನಾಯಕರ ಹುಟ್ಟುಹಬ್ಬ, ಸಚಿವ ಪದವಿ, ಕಾಮಗಾರಿ ಉದ್ಘಾಟನೆಗಳ ಅಭಿನಂದನಾ ಜಾಹೀರಾತು ಮತ್ತು ಪುರವಣಿ ಅವರ ಆದಾಯದ ಮೂಲ. ಗುತ್ತಿಗೆದಾರನಿಂದ ಸೋಮವಾರ ಜಾಹೀರಾತು ಪಡೆದವನು ಮಂಗಳವಾರ ಅದೇ ಗುತ್ತಿಗೆದಾರನ ರಸ್ತೆಯ ಗುಂಡಿಯ ಬಗ್ಗೆ ಬರೆಯಬೇಕೆಂದು ನಿರೀಕ್ಷಿಸುವುದು ಆ ವ್ಯಕ್ತಿಗೆ ಮಾಡುವ ಅನ್ಯಾಯ. ತಪ್ಪು ವರದಿಗಾರನದ್ದಲ್ಲ, ಸುದ್ದಿ ಮತ್ತು ವ್ಯಾಪಾರವನ್ನು ಒಂದೇ ಕೈಗೆ ಕೊಟ್ಟ ವ್ಯವಸ್ಥೆಯದ್ದು. ಇದೇ ರೋಗ ಮೇಲ್ಮಟ್ಟದಲ್ಲೂ ಉಂಟು. 2022ರ ದೀಪಾವಳಿಯಲ್ಲಿ ಮುಖ್ಯಮಂತ್ರಿ ಕಚೇರಿಯಿಂದ ಕೆಲವು ಪತ್ರಕರ್ತರಿಗೆ ಸಿಹಿ ಪೆಟ್ಟಿಗೆಯ ಜೊತೆ ನಗದು ಹೋಯಿತು ಎಂಬ ಆರೋಪ ಬಂದಿತ್ತು. ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನು ನಿರಾಕರಿಸಿದರು.

ದಮನ ಮತ್ತು ಕಾನೂನು

ಸಾಮೀಪ್ಯ ಸಾಲದಾದಾಗ ಕಾನೂನಿನ ಬಳಕೆ ಆರಂಭವಾಗುತ್ತದೆ. ‘ಕರಾವಳಿ ಅಲೆ’ಯ ಸಂಪಾದಕ ಬಿ.ವಿ. ಸೀತಾರಾಂ 2007ರಲ್ಲೂ 2009ರ ಜನವರಿಯಲ್ಲೂ ಬಂಧಿತರಾದರು. ಎರಡನೆಯ ಬಂಧನ ಉಡುಪಿಯ ಮಾನನಷ್ಟ ಪ್ರಕರಣದ ವಾರಂಟಿನ ಮೇಲೆ ನಡೆಯಿತು. 2012ರ ಜುಲೈ 28ರಂದು ಮಂಗಳೂರಿನ ಹೋಂ ಸ್ಟೇ ಮೇಲೆ ದಾಳಿ ನಡೆದಾಗ ಅದನ್ನು ಚಿತ್ರೀಕರಿಸಿ ಬಯಲಿಗೆ ತಂದ ಟಿವಿ ವರದಿಗಾರ ನವೀನ್ ಸೂರಿಂಜೆ ಅವರನ್ನು ನವೆಂಬರಿನಲ್ಲಿ ಆರೋಪಿಯಾಗಿ ಬಂಧಿಸಲಾಯಿತು; ನಾಲ್ಕು ತಿಂಗಳು ಮೀರಿ ಸೆರೆಯಲ್ಲಿದ್ದು 2013ರ ಮಾರ್ಚಿನಲ್ಲಿ ಅವರು ಜಾಮೀನು ಪಡೆದರು, ಆಮೇಲೆ ಮೊಕದ್ದಮೆ ಹಿಂದಕ್ಕೆ ಹೋಯಿತು. 2017ರ ಜೂನಿನಲ್ಲಿ ವಿಧಾನಸಭೆ ಹಕ್ಕುಚ್ಯುತಿಯ ಹೆಸರಿನಲ್ಲಿ ಇಬ್ಬರು ಸಂಪಾದಕರಿಗೆ ಒಂದು ವರ್ಷದ ಜೈಲು ವಿಧಿಸಿತು. 2012ರ ಫೆಬ್ರವರಿ 7ರಂದು ಸದನದಲ್ಲಿ ಅಶ್ಲೀಲ ದೃಶ್ಯ ನೋಡುತ್ತಿದ್ದ ಸಚಿವರು ಟಿವಿ ಕ್ಯಾಮೆರಾಕ್ಕೆ ಸಿಕ್ಕಿ ಮೂವರು ರಾಜೀನಾಮೆ ಕೊಟ್ಟ ಪ್ರಕರಣಕ್ಕೂ ಉಡುಪಿಯ ಎಳೆಯೊಂದಿದೆ: ಮಲ್ಪೆ ಬಳಿಯ ಸೇಂಟ್ ಮೇರೀಸ್ ದ್ವೀಪದಲ್ಲಿ ಅದೇ ವಾರ ನಡೆದ ವಿವಾದಿತ ಉತ್ಸವದ ಚರ್ಚೆಗಾಗಿ ನೋಡುತ್ತಿದ್ದೆವು ಎಂಬ ಸಮಜಾಯಿಷಿ ಬಂದಿತ್ತು. 2019ರ ಅಕ್ಟೋಬರಿನಲ್ಲಿ ಖಾಸಗಿ ವಾಹಿನಿಗಳ ಕ್ಯಾಮೆರಾಗಳನ್ನು ವಿಧಾನಸಭೆಯಿಂದ ಹೊರಗಿಡಲಾಯಿತು. ಕಾಂಗ್ರೆಸ್, ಬಿಜೆಪಿ ಎರಡರ ಆಡಳಿತದಲ್ಲೂ ಇಂಥ ಕ್ರಮಗಳು ನಡೆದಿವೆ ಎಂಬುದನ್ನು ಗಮನಿಸಬೇಕು.

ಚುನಾವಣೆಯ ಕಾಲಕ್ಕೆ ಬೇರೆ ನಿಯಮಗಳಿವೆ. ಕಾಸಿಗಾಗಿ ಸುದ್ದಿ ಪಿಡುಗಿನ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿ 2010ರಲ್ಲಿ ವರದಿ ಕೊಟ್ಟಿತು. ಜಿಲ್ಲಾ ಚುನಾವಣಾಧಿಕಾರಿಯಾಗಿರುವ ಜಿಲ್ಲಾಧಿಕಾರಿಯ ಅಡಿಯಲ್ಲಿ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ ಕೆಲಸ ಮಾಡುತ್ತದೆ. ಟಿವಿ ಮತ್ತು ಡಿಜಿಟಲ್ ಜಾಹೀರಾತಿಗೆ ಅದರ ಪೂರ್ವಾನುಮತಿ ಬೇಕು. ಕಾಸಿನ ಸುದ್ದಿ ಎಂದು ಅದು ತೀರ್ಮಾನಿಸಿದರೆ ಅದರ ಮೌಲ್ಯವನ್ನು ಅಭ್ಯರ್ಥಿಯ ಖರ್ಚಿಗೆ ಸೇರಿಸಲಾಗುತ್ತದೆ. 2022ರಲ್ಲಿ ನಿಗದಿಯಾದ ಖರ್ಚಿನ ಮಿತಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ. ಹಣ ಕೊಡದೆ ಸ್ನೇಹದಿಂದ ಬರುವ ಪ್ರಚಾರವನ್ನು ಅಳೆಯುವ ಕೋಲು ಮಾತ್ರ ಈ ಸಮಿತಿಯ ಬಳಿ ಇಲ್ಲ.

ಪ್ರಮುಖ ಪ್ರಕರಣಗಳು

ಕಾಪು ಕ್ಷೇತ್ರದ ವಿದ್ಯುತ್ ಸ್ಥಾವರದ ಚರಿತ್ರೆ ಈ ಸಂಬಂಧದ ಶಕ್ತಿ, ದೌರ್ಬಲ್ಯ ಎರಡನ್ನೂ ತೋರಿಸುತ್ತದೆ. 1990ರ ದಶಕದಲ್ಲಿ ನಂದಿಕೂರಿಗೆ ಬರಬೇಕಿದ್ದ ಅಮೆರಿಕದ ಕೊಜೆಂಟ್ರಿಕ್ಸ್ ಕಂಪೆನಿಯ 1000 ಮೆಗಾವಾಟ್ ಕಲ್ಲಿದ್ದಲು ಯೋಜನೆಗೆ ರೈತರು, ಮೀನುಗಾರರು, ಪರಿಸರವಾದಿಗಳು ಎದ್ದುನಿಂತರು. ಪತ್ರಿಕೆಗಳು ಹಾರುಬೂದಿ, ಸಮುದ್ರದ ನೀರಿನ ಬಿಸಿ, ಮಲ್ಲಿಗೆ ಬೆಳೆ ಇವುಗಳ ಬಗ್ಗೆ ಬರೆದವು. ನಾಯಕರು ಗಾಳಿ ನೋಡಿ ಮಾತು ಬದಲಿಸಿದರು. ಕಂಪೆನಿ 1999ರ ಡಿಸೆಂಬರಿನಲ್ಲಿ ಹಿಂದೆ ಸರಿಯಿತು. ಮುಂದಿನ ದಶಕದಲ್ಲಿ ಹತ್ತಿರದ ಎಲ್ಲೂರಿನಲ್ಲೇ ಬೇರೆ ಕಂಪೆನಿಯ ಕೈಯಲ್ಲಿ 1200 ಮೆಗಾವಾಟ್ ಸ್ಥಾವರ ಎದ್ದಿತು, 2010ರಲ್ಲಿ ಮೊದಲ ಘಟಕ ಚಾಲೂ ಆಯಿತು, 2015ರಲ್ಲಿ ಅದು ಅದಾನಿ ಸಮೂಹದ ಪಾಲಾಯಿತು. ವಿರೋಧ ಪಕ್ಷದಲ್ಲಿದ್ದಾಗ ಯೋಜನೆಯನ್ನು ವಿರೋಧಿಸುವುದು, ಅಧಿಕಾರಕ್ಕೆ ಬಂದಾಗ ಸುಮ್ಮನಾಗುವುದು ಎರಡೂ ಪಕ್ಷಗಳ ರೂಢಿಯಾಯಿತು. ಪತ್ರಿಕೆಗಳು ಎರಡೂ ಕಾಲದ ಹೇಳಿಕೆಗಳನ್ನು ಅಚ್ಚುಕಟ್ಟಾಗಿ ಮುದ್ರಿಸಿದವು. ಅವುಗಳನ್ನು ಪಕ್ಕಪಕ್ಕ ಇಟ್ಟು ಕೇಳುವ ಕೆಲಸ ನಿರಂತರವಾಗಿ ನಡೆಯಲಿಲ್ಲ. ಪರಿಸರ ಹಾನಿಗೆ ಸುಮಾರು 52 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು 2022ರಲ್ಲಿ ಆದೇಶಿಸಿದ್ದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ. ಅಲ್ಲಿಯವರೆಗೆ ದಾಖಲೆಗಳ ಬೆನ್ನು ಹತ್ತಿದವರು ಮುಖ್ಯವಾಗಿ ಊರಿನ ಹೋರಾಟಗಾರರು.

ಮಲ್ಪೆಯ ‘ಸುವರ್ಣ ತ್ರಿಭುಜ’ ದೋಣಿ 2018ರ ಡಿಸೆಂಬರ್ 15ರಂದು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. 2019ರ ಜನವರಿಯಲ್ಲಿ ಸಾವಿರಾರು ಮೀನುಗಾರರು ಹೆದ್ದಾರಿ ತಡೆ ನಡೆಸಿದರು. ಏಪ್ರಿಲ್ 18ರ ಲೋಕಸಭಾ ಮತದಾನದವರೆಗೆ ಅಪಹರಣ, ಅಪಘಾತ, ಹಡಗು ಡಿಕ್ಕಿ ಎಂದು ನಾಯಕರು ದಿನಕ್ಕೊಂದು ಶಂಕೆ ವ್ಯಕ್ತಪಡಿಸಿದರು. ಕೇಂದ್ರವನ್ನು ಒಬ್ಬರು, ರಾಜ್ಯವನ್ನು ಇನ್ನೊಬ್ಬರು ದೂರಿದರು. ಮಹಾರಾಷ್ಟ್ರದ ಮಾಲ್ವಣ ಕರಾವಳಿಯಾಚೆ ನೌಕಾಪಡೆ ಅವಶೇಷ ಪತ್ತೆಹಚ್ಚಿದ್ದು ಮೇ ತಿಂಗಳ ಆರಂಭದಲ್ಲಿ, ಮತದಾನ ಮುಗಿದ ಮೇಲೆ. ಏಳು ಕುಟುಂಬಗಳ ಕಾತರ ನಾಲ್ಕೂವರೆ ತಿಂಗಳು ಹೇಳಿಕೆ ಸುದ್ದಿಯ ಸರಕಾಗಿ ಬಳಕೆಯಾಯಿತು ಎಂಬುದು ಕಠಿಣ ಮಾತಾದರೂ ಸತ್ಯ. ಸಮುದ್ರದ ಮಧ್ಯೆ ಸ್ವತಂತ್ರವಾಗಿ ಪರಿಶೀಲಿಸುವ ಸಾಧನ ಯಾವ ಪತ್ರಿಕೆಗೂ ಇರಲಿಲ್ಲ ಎಂಬ ಸಮರ್ಥನೆ ನ್ಯಾಯವಾದದ್ದೇ. ಆದರೆ ಪರಿಶೀಲನೆ ಆಗದ ಶಂಕೆಯನ್ನು ಶೀರ್ಷಿಕೆ ಮಾಡದೆ ಇರುವುದಕ್ಕೆ ಸಾಧನ ಬೇಕಿಲ್ಲ.

ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ 2021ರ ಡಿಸೆಂಬರಿನಲ್ಲಿ ಎದ್ದ ಹಿಜಾಬ್ ವಿವಾದದಲ್ಲಿ ಚಿತ್ರ ತಲೆಕೆಳಗಾಯಿತು. ಶಾಸಕ ಕೆ. ರಘುಪತಿ ಭಟ್ ಅಧ್ಯಕ್ಷರಾಗಿದ್ದ ಕಾಲೇಜು ಅಭಿವೃದ್ಧಿ ಸಮಿತಿ, ಪೋಷಕರು ಮತ್ತು ವಿದ್ಯಾರ್ಥಿನಿಯರ ನಡುವಿನ ವಿಷಯ ಕೆಲವೇ ವಾರಗಳಲ್ಲಿ ದೇಶದ ಟಿವಿ ಚರ್ಚೆಯಾಯಿತು. 2022ರ ಫೆಬ್ರವರಿ 8ರಂದು ಎಂಜಿಎಂ ಕಾಲೇಜಿನ ಆವರಣದಲ್ಲಿ ಎರಡು ಗುಂಪು ಎದುರುಬದುರಾದ ದೃಶ್ಯ ಎಲ್ಲ ಕಡೆ ಪ್ರಸಾರವಾಯಿತು. ಶಾಲೆಗಳ ಗೇಟಿನಲ್ಲಿ ಕ್ಯಾಮೆರಾಗಳು ಹೆಣ್ಣುಮಕ್ಕಳನ್ನು ಹಿಂಬಾಲಿಸಿದವು. ನ್ಯಾಯಾಲಯಕ್ಕೆ ಹೋದ ವಿದ್ಯಾರ್ಥಿನಿಯರ ವೈಯಕ್ತಿಕ ವಿವರಗಳು ಜಾಲತಾಣಗಳಲ್ಲಿ ಹರಿದಾಡಿದವು. ಮಾರ್ಚ್ 15ರಂದು ಹೈಕೋರ್ಟ್ ಸಮವಸ್ತ್ರದ ಕುರಿತ ಸರಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಇಲ್ಲಿ ಕೆಲಸ ಮಾಡಿದ್ದು ಸಾಮೀಪ್ಯವಲ್ಲ, ದೂರ. ಹೊರಗಿನ ವಾಹಿನಿಗಳಿಗೆ ಊರಿನ ನಾಳೆಯ ಚಿಂತೆ ಇರಲಿಲ್ಲ, ನಾಯಕರಿಗೆ ರಾಷ್ಟ್ರಮಟ್ಟದ ವೇದಿಕೆ ಸಿಕ್ಕಿತು. ಸಾಮೀಪ್ಯ ಪ್ರಶ್ನೆಯನ್ನು ಮೃದುಗೊಳಿಸಿದರೆ ದೂರ ಮನುಷ್ಯರನ್ನೇ ಮರೆಯುತ್ತದೆ. ಊರಿನ ಪತ್ರಿಕೋದ್ಯಮದ ಅಗತ್ಯ ಎಷ್ಟು ಎಂದು ತಿಳಿಯಬೇಕಾದವರು ಈ ಮೂರು ತಿಂಗಳ ಪ್ರಸಾರವನ್ನು ಮತ್ತೊಮ್ಮೆ ನೋಡಬೇಕು.

ಕಾರ್ಕಳದ ಬೈಲೂರಿನ ಉಮಿಕ್ಕಳ ಬೆಟ್ಟದಲ್ಲಿ 33 ಅಡಿಯ ಪರಶುರಾಮ ಮೂರ್ತಿ ಇರುವ ಥೀಮ್ ಪಾರ್ಕ್ 2023ರ ಜನವರಿ 27ರಂದು ಉದ್ಘಾಟನೆಯಾಯಿತು. ಕ್ಷೇತ್ರದ ಶಾಸಕ ವಿ. ಸುನಿಲ್ ಕುಮಾರ್ ಆಗ ಇಂಧನ ಮತ್ತು ಕನ್ನಡ-ಸಂಸ್ಕೃತಿ ಸಚಿವರು. ವಿಧಾನಸಭಾ ಚುನಾವಣೆ ಮೇ 10ಕ್ಕೆ. ಉದ್ಘಾಟನೆಗೆ ಪುಟಗಟ್ಟಲೆ ಪ್ರಚಾರ ಸಿಕ್ಕಿತು. ಮೂರ್ತಿ ಯಾವ ಲೋಹದ್ದು, ಕಾಮಗಾರಿ ಮುಗಿದಿತ್ತೇ ಎಂಬ ಪ್ರಶ್ನೆ ಜೋರಾದದ್ದು ಚುನಾವಣೆಯ ಅನಂತರ. ಅಕ್ಟೋಬರಿನಲ್ಲಿ ಮೂರ್ತಿಯ ಮೇಲ್ಭಾಗವನ್ನು ತೆಗೆಯಲಾಯಿತು, ಮುಂದೆ ವಿಷಯ ಪೊಲೀಸ್ ತನಿಖೆ ಮತ್ತು ನ್ಯಾಯಾಲಯಕ್ಕೆ ಹೋಯಿತು. ಆರೋಪ ಮಾಡಿದ ಕಾಂಗ್ರೆಸ್, ನಿರಾಕರಿಸಿದ ಬಿಜೆಪಿ ಎರಡೂ ಸರಣಿ ಸುದ್ದಿಗೋಷ್ಠಿ ನಡೆಸಿದವು. ಟೆಂಡರಿನ ಷರತ್ತು, ಕಾಮಗಾರಿಯ ಅಳತೆ ಪುಸ್ತಕ, ಮುಕ್ತಾಯದ ಪ್ರಮಾಣಪತ್ರ ಈ ಮೂರು ಕಾಗದಗಳನ್ನು ಉದ್ಘಾಟನೆಯ ವಾರವೇ ಕೇಳಿದ್ದರೆ, ಯಾರು ಸರಿ ಎಂಬುದು ಪಕ್ಷಗಳ ಜಗಳವಾಗುವ ಮೊದಲೇ ತಿಳಿಯುತ್ತಿತ್ತು.

ಆಕ್ಷೇಪಗಳು

ಸಾಮೀಪ್ಯವನ್ನು ದೋಷವಾಗಿ ಕಾಣುವುದಕ್ಕೆ ಮೂರು ಆಕ್ಷೇಪಗಳಿವೆ. ಮೊದಲನೆಯದು, ಈ ನಂಟಿನಿಂದಲೇ ಅಭಿವೃದ್ಧಿ ಬಂದಿದೆ ಎಂಬುದು. ಇದಕ್ಕೆ ಆಧಾರವಿದೆ. ಉದಯವಾಣಿ ಓದುಗರ ನೆರವಿನಿಂದ ರಸ್ತೆ, ವಿದ್ಯುತ್ತು ಕಾಣದ ಕುಗ್ರಾಮಗಳನ್ನು ಗುರುತಿಸಿ ಬರೆದಾಗ ಅಧಿಕಾರಿಗಳೂ ಜನಪ್ರತಿನಿಧಿಗಳೂ ಅಲ್ಲಿಗೆ ಹೋಗಬೇಕಾಯಿತು. ಆದರೆ ಆ ಯಶಸ್ಸು ನಾಯಕರ ಸ್ನೇಹದಿಂದ ಬಂದದ್ದಲ್ಲ. ವರದಿಗಾರ ಹಳ್ಳಿಗೆ ನಡೆದುಹೋಗಿ ಕಂಡದ್ದನ್ನು ಬರೆದದ್ದರಿಂದ, ಮತ್ತೆ ಹೋಗಿ ನೋಡಿದ್ದರಿಂದ ಬಂದದ್ದು. ಅದು ಫಾಲೋಅಪ್‌ನ ಯಶಸ್ಸು, ಹಾಗಾಗಿ ಈ ಲೇಖನದ ವಾದಕ್ಕೇ ಬಲ ಕೊಡುತ್ತದೆ.

ಎರಡನೆಯ ಆಕ್ಷೇಪ, ಭಿನ್ನ ಒಲವಿನ ಪತ್ರಿಕೆಗಳು ಇರುವುದರಿಂದ ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತದೆ ಎಂಬುದು. ಎಲ್ಲವನ್ನೂ ಓದುವವನಿಗೆ ಇದು ನಿಜ. ಮನೆಗೆ ಒಂದೇ ಪತ್ರಿಕೆ ತರಿಸುವವರಿಗೆ ತಮ್ಮ ಒಲವಿನ ನಾಯಕನ ಮಾತಷ್ಟೇ ತಲುಪುತ್ತದೆ. ಜೊತೆಗೆ, ಎಲ್ಲ ಪತ್ರಿಕೆಗಳಿಗೂ ಮೂಲ ಒಂದೇ ಆದಾಗ ವೈವಿಧ್ಯ ತೋರಿಕೆಯದಾಗುತ್ತದೆ. 2024ರ ನವೆಂಬರಿನಲ್ಲಿ ಹೆಬ್ರಿ ಸಮೀಪದ ಕಾಡಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಬಲಿಯಾದಾಗ, ಸ್ಥಳಕ್ಕೆ ಪ್ರವೇಶವಿಲ್ಲದ ಮೊದಲ ಗಂಟೆಗಳಲ್ಲಿ ಸಿಕ್ಕಿದ್ದು ಪೊಲೀಸರ ಮತ್ತು ಗೃಹ ಸಚಿವರ ವಿವರಣೆ ಮಾತ್ರ. ಒಲವು ಹತ್ತು ಇದ್ದರೂ ಮಾಹಿತಿಯ ಬಾಗಿಲು ಒಂದೇ.

ಮೂರನೆಯದು ಹೆಚ್ಚು ಗಂಭೀರ: ಮೊಬೈಲ್ ಬಂದ ಮೇಲೆ ಪತ್ರಿಕೆಯ ಸಾಮೀಪ್ಯಕ್ಕೆ ಬೆಲೆಯೇ ಉಳಿದಿಲ್ಲ ಎಂಬುದು. ಕಾರ್ಕಳ ತಾಲೂಕಿನ ನಂದಳಿಕೆ ಮೂಲದ ವಾಲ್ಟರ್ ನಂದಳಿಕೆ ಆರಂಭಿಸಿದ ‘ದಾಯ್ಜಿವರ್ಲ್ಡ್’ ಜಾಲತಾಣದಿಂದ ಹಿಡಿದು ಪ್ರತಿ ತಾಲೂಕಿನ ವಾಟ್ಸ್ಆ್ಯಪ್ ಗುಂಪಿನವರೆಗೆ ಸುದ್ದಿಗೆ ನೂರು ದಾರಿಗಳಿವೆ. ನಾಯಕರು ತುಳುವಿನಲ್ಲಿ, ಕುಂದಾಪ್ರ ಕನ್ನಡದಲ್ಲಿ ನೇರವಾಗಿ ಜನರೊಂದಿಗೆ ಮಾತಾಡುತ್ತಾರೆ. ನೇರ ಮಾತಿನಿಂದ ಪ್ರಶ್ನೆ ಕೇಳುವವನು ಇಲ್ಲವಾದನೇ ಹೊರತು ಹೇಳಿಕೆ ಕಡಿಮೆಯಾಗಲಿಲ್ಲ. ಹಿಂದೆ ಹೇಳಿಕೆಯನ್ನು ಕನಿಷ್ಠ ಒಬ್ಬ ಉಪಸಂಪಾದಕ ಓದಿ ಮೊಟಕುಗೊಳಿಸುತ್ತಿದ್ದ. ಈಗ ನಾಯಕನ ತಂಡ ಸಿದ್ಧಪಡಿಸಿದ ವಿಡಿಯೊವೇ ಸುದ್ದಿಯಾಗಿ ಹೋಗುತ್ತದೆ.

ಇಂದಿನ ಸ್ಥಿತಿ

2024ರ ಚುನಾವಣೆಯಲ್ಲಿ ಕೋಟ ಶ್ರೀನಿವಾಸ ಪೂಜಾರಿ ಉಡುಪಿ-ಚಿಕ್ಕಮಗಳೂರಿನ ಸಂಸದರಾದರು. 2023ರಿಂದ ಉಡುಪಿಯಲ್ಲಿ ಯಶ್‌ಪಾಲ್ ಸುವರ್ಣ, ಕಾಪುವಿನಲ್ಲಿ ಗುರ್ಮೆ ಸುರೇಶ್ ಶೆಟ್ಟಿ, ಕಾರ್ಕಳದಲ್ಲಿ ಸುನಿಲ್ ಕುಮಾರ್ ಶಾಸಕರು. 2023ರ ವಿಧಾನಸಭಾ ಚುನಾವಣೆಯಲ್ಲಿ ಜಿಲ್ಲೆಯ ಐದೂ ಕ್ಷೇತ್ರಗಳನ್ನು ಬಿಜೆಪಿ ಗೆದ್ದಿತು, ರಾಜ್ಯದಲ್ಲಿ ಕಾಂಗ್ರೆಸ್ ಸರಕಾರ ಬಂತು. ಜಿಲ್ಲೆಯೊಳಗೆ ಬೇರೆ ಪಕ್ಷದ ಶಾಸಕರೇ ಇಲ್ಲದಿರುವಾಗ ಶಾಸಕರನ್ನು ಪ್ರಶ್ನಿಸುವ ಹೊಣೆ ಮಾಧ್ಯಮದ ಮೇಲೆ ಇನ್ನಷ್ಟು ಬೀಳುತ್ತದೆ. ಕಾನೂನಿನ ಚೌಕಟ್ಟೂ ಬದಲಾಗಿದೆ: 1867ರ ಕಾಯ್ದೆಯ ಜಾಗಕ್ಕೆ ಬಂದ ಪತ್ರಿಕೆಗಳ ನೋಂದಣಿಯ 2023ರ ಕಾಯ್ದೆ 2024ರ ಮಾರ್ಚ್ 1ರಿಂದ, ಮಾನನಷ್ಟವನ್ನು ಅಪರಾಧವಾಗಿಯೇ ಉಳಿಸಿಕೊಂಡ ಭಾರತೀಯ ನ್ಯಾಯ ಸಂಹಿತೆ ಜುಲೈ 1ರಿಂದ ಜಾರಿಯಲ್ಲಿವೆ. ಡಿಜಿಟಲ್ ಮಾಧ್ಯಮಕ್ಕೂ ಸರಕಾರಿ ಜಾಹೀರಾತು ಕೊಡುವ ನಿಯಮಾವಳಿಯನ್ನು ರಾಜ್ಯ ಸರಕಾರ 2024ರಲ್ಲಿ ತಂದಿತು. ಇದರೊಂದಿಗೆ ಜಾಲತಾಣಗಳೂ ಹಳೆಯ ಪತ್ರಿಕೆಗಳಂತೆ ಸರಕಾರದ ಜಾಹೀರಾತನ್ನು ಕಾಯುವ ಸ್ಥಿತಿಗೆ ಹತ್ತಿರವಾದವು. ಮಣಿಪಾಲದಲ್ಲಿ 1997ರಿಂದ ಸಂವಹನ ಶಿಕ್ಷಣ ಸಂಸ್ಥೆಯಿದೆ, ರೇಡಿಯೊ ಮಣಿಪಾಲ್ 90.4ರಲ್ಲಿ ಪ್ರಸಾರವಾಗುತ್ತದೆ. ಆದರೆ ಸಮುದಾಯ ಬಾನುಲಿಗೆ ಸ್ವಂತ ಸುದ್ದಿ ಪ್ರಸಾರದ ಅನುಮತಿ ನಮ್ಮ ದೇಶದಲ್ಲಿಲ್ಲ. ಊರಿನ ಭಾಷೆಯಲ್ಲಿ, ಕಡಿಮೆ ಖರ್ಚಿನಲ್ಲಿ, ಜಾಹೀರಾತಿನ ಹಂಗಿಲ್ಲದೆ ಸ್ಥಳೀಯ ಸುದ್ದಿ ಕೊಡಬಲ್ಲ ಒಂದು ಮಾಧ್ಯಮವನ್ನು ನಿಯಮವೇ ಮೌನವಾಗಿಟ್ಟಿರುವುದು ವಿಷಾದದ ಸಂಗತಿ, ಅದು ಬದಲಾಗಬೇಕು.

ಫಾಲೋಅಪ್‌ಗೆ ಬೇಕಾದ ಸಾಧನ ಮಾತ್ರ ಪತ್ರಕರ್ತರಿಗಷ್ಟೇ ಮೀಸಲಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೆಡಿಪಿ ಸಭೆಯ ನಡಾವಳಿ, ಶಾಸಕರ ಕ್ಷೇತ್ರಾಭಿವೃದ್ಧಿ ನಿಧಿಯ ಖರ್ಚು, ಕಾಮಗಾರಿಯ ಅಂದಾಜು ಮತ್ತು ಬಿಲ್ಲುಗಳನ್ನು ಯಾವ ನಾಗರಿಕನೂ ಕೇಳಬಹುದು. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. ಶುಲ್ಕ 10 ರೂಪಾಯಿ, ಉತ್ತರ ಕೊಡಲು ಅಧಿಕಾರಿಗೆ ಇರುವ ಕಾಲಾವಕಾಶ 30 ದಿನ.